ಹುಳು ಒಂದೇ ಜಾತಿಯದು, ಇಷ್ಟಪಡುವ ತಾಪಮಾನ ಮಾತ್ರ ಬೇರೆ ಬೇರೆ

ಒಂದು ಅಗಲವಾದ ತಟ್ಟೆ. ಅದರಲ್ಲಿ ತೆಳುವಾಗಿ ಹರಡಿದ ಅಗರ್ ಎಂಬ ಜೆಲ್ಲಿ. ತಟ್ಟೆಯ ಒಂದು ತುದಿಯಲ್ಲಿ 17 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 23. ನಡುವೆ ತಾಪಮಾನ ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಹೋಗುತ್ತದೆ. ತಟ್ಟೆಯ ಮಧ್ಯಭಾಗದಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುಗಳನ್ನು ಬಿಡುತ್ತಾರೆ. ತಿನ್ನಲು ಏನನ್ನೂ ಇಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, 17 ಡಿಗ್ರಿಯಲ್ಲಿ ಬೆಳೆದ ಹುಳುಗಳಲ್ಲಿ ಜಾಸ್ತಿ ತಂಪಿನ ಕಡೆ ಸೇರಿರುತ್ತವೆ. 23ರಲ್ಲಿ ಬೆಳೆದವು ಬೆಚ್ಚನೆಯ ಕಡೆಗೆ ಹೋಗಿರುತ್ತವೆ. ತಾವು ಹೊಟ್ಟೆ ತುಂಬ ತಿಂದು ಬೆಳೆದ ಜಾಗದ ತಾಪಮಾನ ಅವಕ್ಕೆ ನೆನಪಿರುತ್ತದೆ.

ಎಡ್ವರ್ಡ್ ಹೆಜ್‌ಕಾಕ್ ಮತ್ತು ರಿಚರ್ಡ್ ರಸೆಲ್ ಇದನ್ನು 1975ರಲ್ಲೇ ವರದಿ ಮಾಡಿದ್ದರು. ಹುಳುವಿನ ಹೆಸರು ಸಿ. ಎಲೆಗನ್ಸ್. ಈ ನಡವಳಿಕೆಗೆ ಥರ್ಮೊಟ್ಯಾಕ್ಸಿಸ್ ಅನ್ನುತ್ತಾರೆ. ಅಂದಿನಿಂದ ಇಂದಿನವರೆಗೆ ನೂರಾರು ಪ್ರಯೋಗಗಳು ನಡೆದಿವೆ. ಆದರೆ ಅವುಗಳಲ್ಲಿ ಬಹುಪಾಲು ನಡೆದದ್ದು ಒಂದೇ ಒಂದು ವಂಶದ ಹುಳುಗಳ ಮೇಲೆ. ಬೇರೆ ಊರಿನ, ಬೇರೆ ದೇಶದ ಹುಳುಗಳನ್ನು ಅದೇ ತಟ್ಟೆಯ ಮೇಲೆ ಬಿಟ್ಟಾಗ ಚಿತ್ರ ಬದಲಾಯಿತು. ಕೆಲವು ತಳಿಗಳು ಬಿಸಿ ಹುಡುಕಿಕೊಂಡು ಹೋದವು, ಕೆಲವು ತಂಪು ಹುಡುಕಿದವು. ಒಂದೇ ಜಾತಿಯೊಳಗೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದೇ ಈ ಲೇಖನದ ವಿಷಯ.

ತಾಪಮಾನ ಈ ಹುಳುವಿಗೆ ಯಾಕೆ ಅಷ್ಟು ಮುಖ್ಯ?

ದುಂಡುಹುಳು ಎಂದ ಕೂಡಲೇ ನಮಗೆ ನೆನಪಾಗುವುದು ಮಕ್ಕಳ ಹೊಟ್ಟೆಯ ಜಂತುಹುಳು. ಸಿ. ಎಲೆಗನ್ಸ್ ಅದೇ ದೊಡ್ಡ ಗುಂಪಿಗೆ ಸೇರಿದೆ, ಆದರೆ ಯಾರಿಗೂ ಕಾಟ ಕೊಡುವುದಿಲ್ಲ. ಕೊಳೆಯುವ ಹಣ್ಣು, ಎಲೆ, ಕಾಂಡಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ. ಮೈ ಗಾಜಿನ ಹಾಗೆ ಪಾರದರ್ಶಕ. ಅದರ ದೇಹದಲ್ಲಿ ಇರುವುದು ಒಟ್ಟು 302 ನರಕೋಶಗಳು. ಆ 302 ಒಂದಕ್ಕೊಂದು ಹೇಗೆ ಜೋಡಿಸಿಕೊಂಡಿವೆ ಎಂಬ ನಕ್ಷೆಯೂ ನಮ್ಮ ಬಳಿ ಇದೆ.

ನಮ್ಮ ಹಾಗೆ ಮೈಯನ್ನು 37 ಡಿಗ್ರಿಯಲ್ಲೇ ಇಟ್ಟುಕೊಳ್ಳುವ ಶಕ್ತಿ ಇದಕ್ಕಿಲ್ಲ. ಸುತ್ತಲಿನ ತಾಪಮಾನ ಎಷ್ಟೋ ಮೈಯ ತಾಪಮಾನವೂ ಅಷ್ಟೇ. ಹಾಗಾಗಿ ಹೊರಗಿನ ಒಂದೊಂದು ಡಿಗ್ರಿಯೂ ಅದರ ಬದುಕನ್ನು ಬದಲಿಸುತ್ತದೆ. 20 ಡಿಗ್ರಿಯಲ್ಲಿ ಮೊಟ್ಟೆಯಿಂದ ಮೊಟ್ಟೆಯಿಡುವ ಹಂತಕ್ಕೆ ಬರಲು ಸುಮಾರು ಮೂರೂವರೆ ದಿನ ಸಾಕು. 15 ಡಿಗ್ರಿಯಲ್ಲಿ ಇನ್ನೂ ಎರಡು ದಿನ ಬೇಕಾಗುತ್ತದೆ. 25ರಲ್ಲಿ ಬೆಳವಣಿಗೆ ಜೋರು, ಆದರೆ ಮರಿಗಳ ಒಟ್ಟು ಸಂಖ್ಯೆ ಇಳಿಯುತ್ತದೆ. 27 ದಾಟಿದರೆ ಸಂತಾನವೇ ನಿಂತುಹೋಗುವ ಮಟ್ಟಕ್ಕೆ ಬರುತ್ತದೆ. ಅಂದರೆ ಬೇಗ ಬೆಳೆಯುವುದಕ್ಕೆ ಒಂದು ತಾಪಮಾನ ಒಳ್ಳೆಯದು, ಜಾಸ್ತಿ ಮರಿ ಹಾಕುವುದಕ್ಕೆ ಇನ್ನೊಂದು ಒಳ್ಳೆಯದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಳುವಿನ ತಲೆಯ ತುದಿಯಲ್ಲಿ ಎಎಫ್‌ಡಿ ಎಂಬ ಒಂದು ಜೊತೆ ನರಕೋಶಗಳಿವೆ. ತಾಪಮಾನ ಅಳೆಯುವ ಮುಖ್ಯ ಕೆಲಸ ಇವುಗಳದ್ದು. ಜಪಾನಿನ ಇಕುಯೆ ಮೋರಿ ಮತ್ತು ಯಸುಮಿ ಓಶಿಮಾ 1995ರಲ್ಲಿ ಒಂದೊಂದೇ ನರಕೋಶವನ್ನು ಲೇಸರ್‌ನಿಂದ ಸುಟ್ಟು ನೋಡಿದರು. ಯಾವುದು ಹೋದರೆ ಯಾವ ನಡವಳಿಕೆ ಕೆಡುತ್ತದೆ ಎಂದು ಹೀಗೆ ಗುರುತಿಸಿದರು. ಎಎಫ್‌ಡಿ ಇಲ್ಲದ ಹುಳು ತಾನು ಬೆಳೆದ ತಾಪಮಾನದ ಜಾಗವನ್ನು ಸರಿಯಾಗಿ ಹುಡುಕಲಾರದು. ಈ ಕೋಶದಲ್ಲಿ ಜಿಸಿವೈ-8, ಜಿಸಿವೈ-18, ಜಿಸಿವೈ-23 ಎಂಬ ಮೂರು ಪ್ರೋಟೀನ್‌ಗಳು ಶಾಖವನ್ನು ಗ್ರಹಿಸುತ್ತವೆ. ಡಿಗ್ರಿಯ ನೂರನೇ ಭಾಗಗಳಲ್ಲಿ ಲೆಕ್ಕ ಹಾಕುವಷ್ಟು ಸಣ್ಣ ಬದಲಾವಣೆಗೂ ಎಎಫ್‌ಡಿ ಪ್ರತಿಕ್ರಿಯಿಸುತ್ತದೆ.

ಇನ್ನೂ ದೊಡ್ಡ ಅಚ್ಚರಿ ನೆನಪಿನದು. ಹುಳುವನ್ನು ಹೊಸ ತಾಪಮಾನಕ್ಕೆ ಬದಲಿಸಿದರೆ ಕೆಲವು ಗಂಟೆಗಳಲ್ಲಿ ಎಎಫ್‌ಡಿ ತನ್ನ ಮಿತಿಯನ್ನು ಬದಲಿಸಿಕೊಳ್ಳುತ್ತದೆ. ಆಮೇಲೆ ಆ ಹೊಸ ಮಿತಿಯ ಹತ್ತಿರ ಬಂದಾಗಲೇ ಅದು ಕೆಲಸ ಶುರು ಮಾಡುತ್ತದೆ. ಈ ಕೋಶವನ್ನು ದೇಹದಿಂದ ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದಾಗಲೂ ಈ ನೆನಪು ಕಂಡುಬಂದಿದೆ. ಒಂದೇ ಒಂದು ಕೋಶಕ್ಕೆ ನೆನಪಿಟ್ಟುಕೊಳ್ಳುವ ಶಕ್ತಿ ಇದೆ ಅಂದರೆ ಸುಮ್ನೆ ಮಾತಲ್ಲ. ಹೊಟ್ಟೆಯ ಸ್ಥಿತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಉಪವಾಸ ಬಿದ್ದ ಹುಳು ತಾನಿದ್ದ ತಾಪಮಾನದ ಕಡೆ ಅದೇ ಆಸಕ್ತಿಯಿಂದ ಹೋಗುವುದಿಲ್ಲ.

ಇಷ್ಟು ಕೇಳಿದ ಮೇಲೆ, ಎಲ್ಲವೂ ಬೆಳೆದ ಜಾಗದ ಮೇಲೆ ನಿಂತಿದೆ, ಜೀನ್‌ಗಳಿಗೆ ಇಲ್ಲಿ ಏನು ಕೆಲಸ ಎಂದು ಅನ್ನಿಸಬಹುದು. ಕಲಿಯುವುದು ಹೇಗೆ, ಎಷ್ಟು ಬೇಗ, ಕಲಿತದ್ದನ್ನು ಎಷ್ಟು ನಂಬುವುದು ಎಂಬ ನಿಯಮಗಳನ್ನು ಬರೆಯುವುದು ಜೀನ್‌ಗಳೇ. ಆ ನಿಯಮಗಳಲ್ಲಿ ತಳಿಯಿಂದ ತಳಿಗೆ ಸಣ್ಣಪುಟ್ಟ ವ್ಯತ್ಯಾಸಗಳಿವೆ.

ಬ್ರಿಸ್ಟಲ್‌ನಿಂದ ಬಂದ ಒಂದು ವಂಶ

ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇರುವ ತಳಿಯ ಹೆಸರು ಎನ್2. 1951ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ, ಅಣಬೆ ಬೆಳೆಯುವ ಗೊಬ್ಬರದಲ್ಲಿ ಸಿಕ್ಕ ಹುಳುಗಳ ಸಂತತಿ ಇದು. 1960ರ ದಶಕದಲ್ಲಿ ಜೀವವಿಜ್ಞಾನಿ ಸಿಡ್ನಿ ಬ್ರೆನರ್ ತಮ್ಮ ಪ್ರಯೋಗಗಳಿಗೆ ಇದನ್ನು ಆರಿಸಿಕೊಂಡರು. 1974ರಲ್ಲಿ ಅವರ ಮುಖ್ಯ ಪ್ರಬಂಧ ಬಂತು. ಅಲ್ಲಿಂದ ಮುಂದೆ 'ಸಿ. ಎಲೆಗನ್ಸ್ ಹೀಗೆ ಮಾಡುತ್ತದೆ' ಎಂದು ಓದಿದಲ್ಲೆಲ್ಲ 'ಎನ್2 ಹೀಗೆ ಮಾಡುತ್ತದೆ' ಎಂದೇ ಅರ್ಥ. ಒಂದು ಮನೆತನವನ್ನು ನೋಡಿ ಇಡೀ ದೇಶದ ಬಗ್ಗೆ ಬರೆದರೆ ಎಷ್ಟು ನಂಬಬಹುದು? ನನಗೆ ಈ ಪ್ರಶ್ನೆ ತುಂಬಾ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ನಾವು ಪಾಠದಲ್ಲಿ 'ಸಹಜ' ಎಂದು ಕಲಿತ ಎಷ್ಟೋ ವಿಷಯಗಳು ಹೀಗೆ ಒಂದೇ ತಳಿಯಿಂದ ಬಂದಿವೆ.

ಅದೃಷ್ಟಕ್ಕೆ ಬೇರೆ ಕಡೆಯ ಹುಳುಗಳನ್ನೂ ಸಂಗ್ರಹಿಸುವವರಿದ್ದರು. ಹವಾಯಿಯ ಮಾವಿ ದ್ವೀಪದ ಅನಾನಸ್ ಹೊಲದಲ್ಲಿ 1972ರಲ್ಲಿ ಸಿಕ್ಕ ತಳಿ ಸಿಬಿ4856. ಎನ್2ಗೂ ಇದಕ್ಕೂ ಡಿಎನ್‌ಎಯಲ್ಲಿ ಸಾಕಷ್ಟು ವ್ಯತ್ಯಾಸ ಇದೆ. ಹಾಗಾಗಿ ಹೋಲಿಕೆಗೆ ಇದನ್ನು ಮತ್ತೆ ಮತ್ತೆ ಬಳಸುತ್ತಾರೆ. ಇವತ್ತು ನೂರಾರು ಕಾಡು ತಳಿಗಳು ದ್ರವ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿ ಕೂತಿವೆ. ಬೇಕೆಂದಾಗ ಕರಗಿಸಿದರೆ ಮತ್ತೆ ಜೀವಂತ ಹುಳುಗಳು ಸಿಗುತ್ತವೆ.

ವ್ಯತ್ಯಾಸ ಜೀನ್‌ಗಳದ್ದೇ ಎಂದು ಹೇಗೆ ಖಚಿತಪಡಿಸುತ್ತಾರೆ? ಈ ಹುಳುಗಳಲ್ಲಿ ಹೆಚ್ಚಿನವು ಉಭಯಲಿಂಗಿಗಳು. ತಮ್ಮದೇ ವೀರ್ಯದಿಂದ ತಮ್ಮದೇ ಮೊಟ್ಟೆಗೆ ಫಲ ಕೊಡುತ್ತವೆ. ಹತ್ತಾರು ತಲೆಮಾರು ಹೀಗೆ ಸಾಗಿದರೆ ಒಂದು ತಳಿಯ ಹುಳುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು ಆಗುತ್ತವೆ. ಎಲ್ಲ ತಳಿಗಳನ್ನೂ ಒಂದೇ ತಾಪಮಾನದಲ್ಲಿ, ಒಂದೇ ಬ್ಯಾಕ್ಟೀರಿಯಾ ತಿನ್ನಿಸಿ ಬೆಳೆಸುತ್ತಾರೆ. ಊಟ, ವಾತಾವರಣ, ವಯಸ್ಸು ಎಲ್ಲ ಒಂದೇ. ಆಮೇಲೂ ತಳಿ ತಳಿಗಳ ನಡುವೆ ವ್ಯತ್ಯಾಸ ಉಳಿದರೆ ಅದು ಆನುವಂಶಿಕ. ಮನುಷ್ಯರಲ್ಲಿ ಇಂಥ ಪ್ರಯೋಗ ಮಾಡಲು ಸಾಧ್ಯವೇ ಇಲ್ಲ, ಅಲ್ವಾ?

ತಂಪು ಹುಡುಕುವ ಹವಾಯಿ ಹುಳು

ಅಮೆರಿಕದ ಪ್ಯಾಟ್ರಿಕ್ ಫಿಲಿಪ್ಸ್ ಮತ್ತು ಸಂಗಡಿಗರು 2011ರಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಪ್ರಾಣಿ ಇಷ್ಟಪಡುವ ತಾಪಮಾನವೇ ಅದರ ಸಂತಾನಕ್ಕೂ ಒಳ್ಳೆಯದಾ? ಹಲ್ಲಿ, ಹಾವುಗಳಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟ. ಒಂದು ಹಾವಿನ ಜೀವಮಾನದ ಮರಿಗಳನ್ನೆಲ್ಲ ಎಣಿಸುವವರು ಯಾರು? ಹುಳುವಿನಲ್ಲಿ ವಾರದೊಳಗೆ ಎಣಿಸಬಹುದು.

ಸಿಬಿ4854 ಮತ್ತು ಸಿಬಿ4857 ಎಂಬ ತಳಿಗಳು ಬಿಸಿಯ ಕಡೆ ಹೋದವು. ಹವಾಯಿಯ ಸಿಬಿ4856 ತಂಪಿನ ಕಡೆ ಹೋಯಿತು. ಉಷ್ಣವಲಯದ ದ್ವೀಪದಿಂದ ಬಂದ ಹುಳು ತಂಪು ಹುಡುಕುವುದು ಮೊದಲ ನೋಟಕ್ಕೆ ತಲೆಕೆಳಗಾಗಿ ಕಾಣುತ್ತದೆ. ಆದರೆ ಹವಾಯಿಯಲ್ಲಿ ಆಮೇಲೆ ದೊಡ್ಡ ಪ್ರಮಾಣದಲ್ಲಿ ಹುಡುಕಿದಾಗ ಸಿ. ಎಲೆಗನ್ಸ್ ಸಿಕ್ಕಿದ್ದು ಹೆಚ್ಚಾಗಿ ಎತ್ತರದ, ತಂಪಾದ, ತೇವದ ಜಾಗಗಳಲ್ಲಿ. ನಕ್ಷೆಯ ಮೇಲಿನ ಅಕ್ಷಾಂಶ ನೋಡಿ ಹುಳುವಿನ ಬದುಕನ್ನು ಊಹಿಸಬಾರದು.

ಆ ಪ್ರಯೋಗದ ತಿರುಳು ಇನ್ನೊಂದು ಕಡೆ ಇದೆ. ಮೇಲೆ ಹೇಳಿದ ಎರಡು ಲಾಭಗಳು ನೆನಪಿವೆಯಾ? ಬಿಸಿ ಹುಡುಕುವ ತಳಿಗಳು ಆರಿಸಿಕೊಂಡ ತಾಪಮಾನದಲ್ಲಿ ಅವುಗಳ ಸಂಖ್ಯೆ ಅತಿ ವೇಗವಾಗಿ ಬೆಳೆಯುತ್ತದೆ. ತಲೆಮಾರು ಬೇಗ ಬೇಗ ಉರುಳುತ್ತದೆ. ತಂಪು ಹುಡುಕುವ ಹವಾಯಿ ತಳಿ ಆರಿಸಿಕೊಂಡ ತಾಪಮಾನದಲ್ಲಿ ಒಂದು ಹುಳು ಜೀವಮಾನದಲ್ಲಿ ಹಾಕುವ ಒಟ್ಟು ಮರಿಗಳು ಜಾಸ್ತಿ. ಅಂದರೆ ಒಂದು ಜಾತಿಯೊಳಗೇ 'ಒಳ್ಳೆಯ ತಾಪಮಾನ' ಎಂಬುದಕ್ಕೆ ಎರಡು ಬೇರೆ ಲೆಕ್ಕಗಳಿವೆ.

ಯಾಕೆ ಹೀಗೆ ಎಂಬುದಕ್ಕೆ ಒಂದು ಸಾಧ್ಯತೆ ಹೇಳಬಹುದು. ಕೊಳೆಯುವ ಹಣ್ಣು ಕೆಲವೇ ದಿನ ಇರುತ್ತದೆ. ಬೇರೆ ಹುಳುಗಳು ಬರುವ ಮೊದಲೇ ತನ್ನ ಸಂತತಿ ತುಂಬಿಬಿಡಬೇಕಾದ ಕಡೆ ವೇಗವೇ ಮುಖ್ಯ. ಊಟ ಹೆಚ್ಚು ದಿನ ಸಿಗುವ ಕಡೆ ನಿಧಾನವಾಗಿಯಾದರೂ ಜಾಸ್ತಿ ಮರಿ ಹಾಕುವುದು ಲಾಭ. ಸಂಶೋಧಕರು ಇಲ್ಲಿ ಎಚ್ಚರದಿಂದ ಮಾತಾಡಿದ್ದಾರೆ. ಈ ಇಷ್ಟಗಳು ಪ್ರಕೃತಿಯ ಆಯ್ಕೆಯಿಂದಲೇ ಬಂದಿದ್ದರೆ ಮಾತ್ರ ಈ ಅರ್ಥ ಹೊಂದುತ್ತದೆ ಎಂದಿದ್ದಾರೆ. ಆ ಎಚ್ಚರ ನಮಗೂ ಇರಬೇಕು.

ಅಹಮದಾಬಾದಿನ ಹುಳು

ಸಿ. ಎಲೆಗನ್ಸ್‌ಗೆ ಸಿ. ಬ್ರಿಗ್ಸೇ ಎಂಬ ಒಬ್ಬ ಹತ್ತಿರದ ಸಂಬಂಧಿ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಎರಡನ್ನೂ ಬೇರೆ ಬೇರೆ ಎಂದು ಗುರುತಿಸುವುದು ಕಷ್ಟ. ಆದರೆ ಇವೆರಡರ ದಾರಿ ಬೇರೆಯಾಗಿ ಕೋಟ್ಯಂತರ ವರ್ಷಗಳೇ ಕಳೆದಿವೆ. ಪ್ರಪಂಚದ ಪ್ರಯೋಗಾಲಯಗಳಲ್ಲಿ ಬಳಸುವ ಸಿ. ಬ್ರಿಗ್ಸೇಯ ಮುಖ್ಯ ತಳಿ ಎಎಫ್16 ಸಿಕ್ಕಿದ್ದು ನಮ್ಮ ದೇಶದ ಅಹಮದಾಬಾದಿನಲ್ಲಿ. 2003ರಲ್ಲಿ ಈ ಜಾತಿಯ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿದ್ದೂ ಈ ತಳಿಯಿಂದಲೇ. ಭಾರತದ ಮಣ್ಣಿನಲ್ಲಿ ಸಿಕ್ಕ ಒಂದು ಹುಳುವಿನ ಸಂತತಿಗೆ ಜೀವವಿಜ್ಞಾನದಲ್ಲಿ ಇಂಥ ಜಾಗ ಇದೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಗೊತ್ತಾಗಬೇಕು.

ಸಿ. ಬ್ರಿಗ್ಸೇಯ ತಳಿಗಳು ಅಕ್ಷಾಂಶಕ್ಕೆ ತಕ್ಕಂತೆ ಆನುವಂಶಿಕವಾಗಿ ಬೇರೆ ಬೇರೆ ಗುಂಪುಗಳಾಗಿವೆ. ಎಎಫ್16 ಉಷ್ಣವಲಯದ ಗುಂಪಿಗೆ ಸೇರಿದೆ. ಜಪಾನಿನ ಒಕಾಯಾಮದ ಎಚ್‌ಕೆ104 ಸಮಶೀತೋಷ್ಣ ಗುಂಪಿನದು. ತೀರಾ ಸೆಖೆಯಲ್ಲಿ ಉಷ್ಣವಲಯದ ತಳಿಗಳು ಹೆಚ್ಚು ಮರಿ ಹಾಕುತ್ತವೆ. ತೀರಾ ತಂಪಿನಲ್ಲಿ ಸಮಶೀತೋಷ್ಣ ತಳಿಗಳದ್ದು ಮೇಲುಗೈ. ಹಾಗಾದರೆ ನಡವಳಿಕೆಯಲ್ಲೂ ಇಂಥ ವ್ಯತ್ಯಾಸ ಇರಬಹುದಲ್ಲ?

ಟೊರಾಂಟೊ ವಿಶ್ವವಿದ್ಯಾಲಯದ ಆಶರ್ ಕಟ್ಟರ್ ಮತ್ತು ವಿಲಿಯಂ ರ್ಯು ಅವರ ತಂಡಗಳು 2013ರಲ್ಲಿ ಇದನ್ನು ಪ್ರಕಟಿಸಿದವು. ಎರಡು ನಡವಳಿಕೆಗಳನ್ನು ನೋಡಿದರು. ಒಂದು, ಹುಳು ಬಿಸಿ ಕಡೆ ಹೋಗುತ್ತದೋ ತಂಪಿನ ಕಡೆಯೋ ಎಂಬುದು. ಇನ್ನೊಂದು, ತನಗೆ ಬೇಕಾದ ತಾಪಮಾನ ಸಿಕ್ಕಮೇಲೆ ಅದೇ ತಾಪಮಾನದ ಗೆರೆ ಹಿಡಿದು ಸಾಗುವುದು. ಸಿ. ಬ್ರಿಗ್ಸೇ ಈ ಎರಡನ್ನೂ ಹೆಚ್ಚುಕಡಿಮೆ ಸಿ. ಎಲೆಗನ್ಸ್ ಹಾಗೆಯೇ ಮಾಡುತ್ತದೆ. ಬೆಳೆದ ತಾಪಮಾನದ ಕಡೆ ಒಲವು ಇದಕ್ಕೂ ಇದೆ.

ತಳಿಗಳನ್ನು ಹೋಲಿಸಿದಾಗ ಎರಡೂ ಜಾತಿಗಳಲ್ಲಿ ದೊಡ್ಡ ಆನುವಂಶಿಕ ವ್ಯತ್ಯಾಸ ಕಂಡಿತು. ತಳಿಗಳ ಪ್ರತಿಕ್ರಿಯೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದಾಗಿತ್ತು. ಆದರೆ ನನ್ನ ಮಟ್ಟಿಗೆ ಇಡೀ ಅಧ್ಯಯನದ ಮುಖ್ಯ ಫಲಿತಾಂಶ ಇದು: ಒಂದೇ ಜಾತಿಯ ಎರಡು ತಳಿಗಳ ನಡುವಿನ ವ್ಯತ್ಯಾಸ ಅನೇಕ ಸಲ ಎರಡು ಜಾತಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಜಾತಿಗೊಂದು ತಳಿ ತಂದು ಪಕ್ಕಪಕ್ಕ ಇಟ್ಟು 'ಈ ಜಾತಿ ಹೀಗೆ, ಆ ಜಾತಿ ಹಾಗೆ' ಎಂದು ತೀರ್ಪು ಕೊಟ್ಟರೆ ಅದು ಸುಲಭವಾಗಿ ತಪ್ಪಾಗಬಹುದು. ಯಾವ ತಳಿ ಆರಿಸಿಕೊಂಡೆವು ಎಂಬುದರ ಮೇಲೇ ಉತ್ತರ ಬದಲಾಗುತ್ತದೆ.

ಜೀನ್ ಹುಡುಕುವ ದಾರಿ

ವ್ಯತ್ಯಾಸ ಇದೆ ಎಂದು ತಿಳಿದ ಮೇಲೆ ಅದು ಡಿಎನ್‌ಎಯಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಸಿ. ಎಲೆಗನ್ಸ್‌ನ ಜೀನೋಮ್ ಸುಮಾರು 10 ಕೋಟಿ ಅಕ್ಷರಗಳದ್ದು. ಆರು ಕ್ರೋಮೋಸೋಮ್‌ಗಳಲ್ಲಿ ಹಂಚಿಹೋಗಿದೆ.

ಹುಡುಕುವ ವಿಧಾನ ಹೀಗಿದೆ. ಬಿಸಿ ಇಷ್ಟಪಡುವ ಒಂದು ತಳಿಯನ್ನು ತಂಪು ಇಷ್ಟಪಡುವ ತಳಿಯ ಜೊತೆ ಕೂಡಿಸುತ್ತಾರೆ. ಮರಿಗಳಲ್ಲಿ ಎರಡೂ ಕಡೆಯ ಡಿಎನ್‌ಎ ಬೆರೆಯುತ್ತದೆ. ಮುಂದಿನ ತಲೆಮಾರುಗಳನ್ನು ಒಂದೊಂದೇ ಹುಳುವಿನಿಂದ ಸ್ವಂತ ಫಲೀಕರಣದಲ್ಲಿ ಬೆಳೆಸುತ್ತಾ ಹೋಗುತ್ತಾರೆ. ಕೊನೆಗೆ ಹತ್ತಾರು, ನೂರಾರು ಹೊಸ ವಂಶಗಳು ಸಿಗುತ್ತವೆ. ಪ್ರತಿ ವಂಶದಲ್ಲೂ ಎರಡು ಮೂಲ ತಳಿಗಳ ತುಂಡುಗಳು ಬೇರೆ ಬೇರೆ ರೀತಿ ಜೋಡಣೆಯಾಗಿ ಗಟ್ಟಿಯಾಗಿರುತ್ತವೆ. ಪ್ರತಿ ವಂಶದ ನಡವಳಿಕೆ ಅಳೆಯುತ್ತಾರೆ, ಡಿಎನ್‌ಎ ಓದುತ್ತಾರೆ. ಬಿಸಿ ಕಡೆ ಹೋಗುವ ವಂಶಗಳಲ್ಲೆಲ್ಲ ಯಾವ ತುಂಡು ಸಾಮಾನ್ಯವಾಗಿದೆ ಎಂದು ನೋಡುತ್ತಾರೆ. ಅಂಥ ತುಂಡು ಸಿಕ್ಕರೆ ಕಾರಣವಾದ ಜೀನ್ ಅಲ್ಲೆಲ್ಲೋ ಇದೆ ಎಂದರ್ಥ.

ಫಿಲಿಪ್ಸ್ ಅವರ ಗುಂಪು, ಮ್ಯಾಥ್ಯೂ ರಾಕ್‌ಮನ್ ಮತ್ತು ಲಿಯೊನಿಡ್ ಕ್ರುಗ್ಲ್ಯಾಕ್ ಜೊತೆ ಸೇರಿ 2012ರಲ್ಲಿ ಇದೇ ಕೆಲಸ ಮಾಡಿತು. ಒಂದೊಂದು ತುಂಡನ್ನೂ ಬಿಡಿಯಾಗಿ ನೋಡಿದಾಗ ಹೆಚ್ಚೇನೂ ಸಿಗಲಿಲ್ಲ. ಯಾವ ಒಂದು ಜಾಗವೂ ದೊಡ್ಡ ಪರಿಣಾಮ ತೋರಿಸಲಿಲ್ಲ. ಜೋಡಿ ಜೋಡಿಯಾಗಿ ನೋಡಿದಾಗ ವಿಷಯ ಹೊರಬಿತ್ತು. ಎಕ್ಸ್ ಕ್ರೋಮೋಸೋಮಿನ ಮೇಲಿನ ಎರಡು ಜಾಗಗಳು ಒಂದಕ್ಕೊಂದು ಕೂಡಿದಾಗ ಹುಳುಗಳು ತೀರಾ ಬಿಸಿಯ ಕಡೆ ಹೋಗುತ್ತಿದ್ದವು. ವಂಶ ವಂಶಗಳ ನಡುವಿನ ಒಟ್ಟು ವ್ಯತ್ಯಾಸದಲ್ಲಿ ಸುಮಾರು 50 ಶೇಕಡಾ ಈ ಒಂದು ಜೋಡಿಯಿಂದ ಬಂದಿತ್ತು. ಅದೇ ಎರಡು ಜಾಗಗಳನ್ನು ಬೇರೆ ಬೇರೆಯಾಗಿ ನೋಡಿದರೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ.

ಇದಕ್ಕೆ ಎಪಿಸ್ಟಾಸಿಸ್ ಎನ್ನುತ್ತಾರೆ. ಬ್ಯಾಂಕಿನ ಲಾಕರಿಗೆ ಎರಡು ಕೀಲಿ ಬೇಕು. ನಿಮ್ಮದೊಂದೇ ಇದ್ದರೂ ಆಗದು, ಬ್ಯಾಂಕಿನದೊಂದೇ ಇದ್ದರೂ ಆಗದು. ಜೀನ್‌ಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಅದೇ ಡಿಎನ್‌ಎ ಬದಲಾವಣೆ ಒಂದು ಜೀನಿನ ಸಂಗಡ ಇದ್ದರೆ ಹುಳುವನ್ನು ಬಿಸಿಗೆ ತಳ್ಳಬಹುದು, ಇನ್ನೊಂದು ಜೀನಿನ ಸಂಗಡ ಇದ್ದರೆ ತಂಪಿಗೆ ತಳ್ಳಬಹುದು. ಸರಾಸರಿ ತೆಗೆದರೆ ಎರಡೂ ಸೇರಿ ಸೊನ್ನೆ. ಆ ಜೀನಿಗೆ ಪಾತ್ರವೇ ಇಲ್ಲ ಎಂದು ತಪ್ಪಾಗಿ ಬರೆದುಬಿಡುತ್ತೇವೆ.

ಇದು ಹುಳುವಿಗಷ್ಟೇ ಸಂಬಂಧಿಸಿದ ಮಾತಲ್ಲ. ಮನುಷ್ಯರಲ್ಲಿ ಎತ್ತರ, ಕಾಯಿಲೆ, ನಡವಳಿಕೆಗಳಿಗೆ ಜೀನ್ ಹುಡುಕುವಾಗಲೂ ಒಂದೊಂದು ಜಾಗವನ್ನೇ ಬಿಡಿಯಾಗಿ ನೋಡುವುದು ರೂಢಿ. ವಂಶಪಾರಂಪರ್ಯ ಇದೆ ಎಂದು ಗೊತ್ತಿದ್ದರೂ ಸಿಕ್ಕ ಜೀನ್‌ಗಳನ್ನೆಲ್ಲ ಕೂಡಿಸಿದರೆ ಲೆಕ್ಕ ಸರಿಹೋಗದ ಸಂದರ್ಭಗಳು ಅನೇಕ. ಜೀನ್‌ಗಳ ನಡುವಿನ ಇಂಥ ಸಂಬಂಧಗಳು ಆ ಕೊರತೆಯ ಒಂದು ಭಾಗವನ್ನು ತುಂಬಬಹುದು ಎಂದು ಈ ಹುಳು ತೋರಿಸಿದೆ.

ಎಲ್ಲ ನಡವಳಿಕೆಯೂ ಹೀಗೇ ಇರುತ್ತದಾ? ಇಲ್ಲ. ಸುಡುವ ಬಿಸಿ ತಾಗಿದರೆ ಹುಳು ಥಟ್ಟನೆ ತಪ್ಪಿಸಿಕೊಳ್ಳುತ್ತದೆ. ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ದಿಕ್ಕು ಬದಲಿಸುತ್ತದೆ. ಕ್ರುಗ್ಲ್ಯಾಕ್ ಮತ್ತು ರ್ಯು ಅವರ ತಂಡಗಳು 2015ರಲ್ಲಿ ಈ ಪ್ರತಿಕ್ರಿಯೆಯನ್ನು ಬಿಡಿ ಬಿಡಿ ಭಾಗಗಳಾಗಿ ಅಳೆದವು. ಡಿಎನ್‌ಎಯಲ್ಲಿ ಕನಿಷ್ಠ ಆರು ಬೇರೆ ಬೇರೆ ಜಾಗಗಳು ಇದರಲ್ಲಿ ಪಾತ್ರ ವಹಿಸುತ್ತವೆ ಎಂದು ಕಂಡಿತು. ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಜಾಗಗಳು ಹೊಣೆ. ಅವುಗಳ ಪರಿಣಾಮ ಸರಳವಾಗಿ ಕೂಡಿಕೊಳ್ಳುತ್ತಿತ್ತು, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತಿರಲಿಲ್ಲ.

ಎರಡನ್ನೂ ಜೊತೆಗಿಟ್ಟು ನೋಡಿದರೆ ನನಗೆ ತುಂಬಾ ಖುಷಿಯಾಗುತ್ತದೆ. ಅದೇ ಹುಳು, ಅದೇ ತಾಪಮಾನ ಎಂಬ ವಿಷಯ. ಇಷ್ಟದ ಜಾಗ ಹುಡುಕುವ ನಿಧಾನದ ನಡವಳಿಕೆಯಲ್ಲಿ ಜೀನ್‌ಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಪಾಯದಿಂದ ಓಡುವ ನಡವಳಿಕೆಯಲ್ಲಿ ಒಂದೊಂದು ಭಾಗವನ್ನೂ ಬೇರೆಯಾಗಿ ತಿದ್ದಬಹುದು. ಹಾಗಾಗಿ 'ತಾಪಮಾನದ ಜೀನ್' ಎಂಬ ಒಂದೇ ವಸ್ತುವನ್ನು ಹುಡುಕಿ ಪ್ರಯೋಜನವಿಲ್ಲ. ಯಾವ ನಡವಳಿಕೆ ಎಂದು ಮೊದಲು ಕೇಳಬೇಕು.

ಪ್ರಯೋಗಾಲಯವೂ ಹುಳುವನ್ನು ಬದಲಿಸಿದೆ

ಒಂದು ಎಚ್ಚರಿಕೆಯ ಕತೆ ಹೇಳಲೇಬೇಕು. ಎನ್‌ಪಿಆರ್-1 ಎಂಬ ಜೀನ್ ಕೂಡ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಇದರ ಪ್ರೋಟೀನಿನಲ್ಲಿ 215ನೇ ಅಮೈನೋ ಆಮ್ಲ ಎನ್2ದಲ್ಲಿ ವ್ಯಾಲಿನ್, ಅನೇಕ ಕಾಡು ತಳಿಗಳಲ್ಲಿ ಫಿನೈಲ್‌ಅಲನಿನ್. ಈ ಒಂದು ಬದಲಾವಣೆಯಿಂದ ಎನ್2 ಹುಳುಗಳು ಒಂಟಿಯಾಗಿ ತಿನ್ನುತ್ತವೆ, ಆ ಕಾಡು ಹುಳುಗಳು ಗುಂಪು ಕಟ್ಟಿಕೊಂಡು ತಿನ್ನುತ್ತವೆ. ಮಾರಿಯೊ ಡಿ ಬೋನೊ ಮತ್ತು ಕೋರಿ ಬಾರ್ಗ್‌ಮನ್ ಇದನ್ನು 1998ರಲ್ಲಿ ತೋರಿಸಿದರು. ಬಿಸಿಯಿಂದ ಹಿಂದೆ ಸರಿಯುವ ಮಿತಿಯನ್ನು ನಿರ್ಧರಿಸುವುದರಲ್ಲೂ ಇದೇ ಜೀನಿನ ಪಾತ್ರ ಇದೆ ಎಂದು 2011ರಲ್ಲಿ ತಿಳಿಯಿತು.

ಎನ್2ದ ಈ ರೂಪ ಹುಟ್ಟಿದ್ದು ಬ್ರಿಸ್ಟಲ್‌ನ ಗೊಬ್ಬರದಲ್ಲಲ್ಲ. ಹುಳುವನ್ನು ಸೆರೆಹಿಡಿದ ಮೇಲೆ, ಪ್ರಯೋಗಾಲಯದ ತಟ್ಟೆಗಳ ಮೇಲೆ ಹುಟ್ಟಿ ಹರಡಿದೆ ಎಂದು 2009ರ ಕೆಲಸ ತೋರಿಸಿತು. ಯಥೇಚ್ಛ ಊಟ, ಬಯಲಿನ ಗಾಳಿ, ಸಮನಾದ ತಾಪಮಾನ ಇರುವ ತಟ್ಟೆಯ ಬದುಕಿಗೆ ಅದು ಹೊಂದಿಕೊಂಡಿತು. ಹಾಗಾಗಿ ಎನ್2ವನ್ನು ಕಾಡು ತಳಿಯ ಜೊತೆ ಹೋಲಿಸಿ ಒಂದು ವ್ಯತ್ಯಾಸ ಕಂಡರೆ, ಅದು ಬ್ರಿಸ್ಟಲ್ ಮತ್ತು ಹವಾಯಿಯ ಹವಾಮಾನದ ವ್ಯತ್ಯಾಸವೇ ಎಂದು ಹೇಳುವಂತಿಲ್ಲ. ಪ್ರಯೋಗಾಲಯ ಮತ್ತು ಕಾಡಿನ ವ್ಯತ್ಯಾಸವೂ ಆಗಿರಬಹುದು. ಅದಕ್ಕೇ ಕಾಡು ತಳಿಗಳನ್ನು ಸಿಕ್ಕ ಕೂಡಲೇ ಹೆಪ್ಪುಗಟ್ಟಿಸಿ ಇಡುವುದಕ್ಕೆ ಈಗ ಇಷ್ಟು ಒತ್ತು.

ಅಳೆಯುವ ವಿಧಾನವೂ ಮುಖ್ಯ. ಬೆಳೆದ ತಾಪಮಾನಕ್ಕಿಂತ ತಂಪಾದ ಕಡೆ ಬಿಟ್ಟಾಗ ಹುಳು ಬಿಸಿ ಕಡೆ ಏರುತ್ತದೋ ಇಲ್ಲವೋ ಎಂಬ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. ತಟ್ಟೆಯ ಮೇಲೆ ತಾಪಮಾನ ಎಷ್ಟು ಕಡಿದಾಗಿ ಏರುತ್ತದೆ ಎಂಬುದರ ಮೇಲೂ ಉತ್ತರ ಬದಲಾಗುತ್ತಿತ್ತು. ಎರಡು ತಳಿಗಳ ಹೋಲಿಕೆಯನ್ನು ಓದುವಾಗ ಇದನ್ನೂ ನೋಡಬೇಕು.

ಈಗ ಉಳಿದಿರುವ ಕಷ್ಟದ ಕೆಲಸ, ತುಂಡಿನಿಂದ ಅಕ್ಷರಕ್ಕೆ ಬರುವುದು. ಒಂದು ತಳಿಯ ಸಣ್ಣ ತುಂಡನ್ನು ಮಾತ್ರ ಇನ್ನೊಂದು ತಳಿಯೊಳಗೆ ಇಟ್ಟು, ಉಳಿದದ್ದೆಲ್ಲ ಒಂದೇ ಇರುವಂತೆ ಮಾಡುತ್ತಾರೆ. ಆ ತುಂಡನ್ನು ಚಿಕ್ಕದು ಮಾಡುತ್ತಾ ಹೋಗಿ ಒಂದು ಜೀನಿಗೆ ಬರುತ್ತಾರೆ. ಆಮೇಲೆ ಡಿಎನ್‌ಎ ತಿದ್ದುವ ಕ್ರಿಸ್ಪರ್ ಎಂಬ ವಿಧಾನ ಬಳಸಿ ಒಂದೇ ಅಕ್ಷರ ಬದಲಿಸಿ ನಡವಳಿಕೆ ಬದಲಾಯಿತಾ ಎಂದು ನೋಡುತ್ತಾರೆ. ಒಂಟಿ ಜೀನ್ ಆದರೆ ಈ ದಾರಿ ನೇರ. ಎಕ್ಸ್ ಕ್ರೋಮೋಸೋಮಿನ ಆ ಜೋಡಿಯಂಥದ್ದಕ್ಕೆ ಇಷ್ಟು ಸಾಲದು. ಮೊದಲನೆಯದನ್ನು ಬದಲಿಸಿ ಒಮ್ಮೆ, ಎರಡನೆಯದನ್ನು ಬದಲಿಸಿ ಒಮ್ಮೆ, ಎರಡನ್ನೂ ಬದಲಿಸಿ ಒಮ್ಮೆ, ಏನೂ ಬದಲಿಸದೆ ಒಮ್ಮೆ, ಹೀಗೆ ನಾಲ್ಕು ಬಗೆಯ ಹುಳುಗಳು ಬೇಕು. ನಾಲ್ಕನ್ನೂ ಬೇರೆ ಬೇರೆ ತಾಪಮಾನಗಳಲ್ಲಿ ಬೆಳೆಸಿ ಒಂದೇ ಬಗೆಯ ತಟ್ಟೆಯ ಮೇಲೆ ಬಿಡಬೇಕು. ಬೆಳೆದ ಜಾಗದ ನೆನಪು ಎಷ್ಟು, ಜೀನ್‌ಗಳ ಪಾಲು ಎಷ್ಟು ಎಂಬುದು ಆಗಲೇ ಬೇರೆ ಬೇರೆಯಾಗಿ ಕಾಣುವುದು.